ಅತ್ತೆಯ ಕೊರಳಿನ ಗಿಟುಕು

ನಮ್ಮ ಅತ್ತೆ ಶಿವರುದ್ರಮ್ಮನವರ ಕೊರಳಿನ ಗಂಟು ಮೊದಲು ಕಂಡದ್ದು ನನ್ನ ಕಣ್ಣಿಗೆ. ನೆಂಟರ ಮನೆಯ ಮದುವೆಗೆ ಹೊರಟಿದ್ದೆವು. ಅಡ್ಡಿಕೆಯ ಕೊಂಡಿ ಹಾಕು ಬಾ ಎಂದು ಕರೆದರು. ಕೊರಳಿಗೆ ಅಂಟಿಕೊಂಡಂತೆ ಕೂರುವ ಆ ಚಿನ್ನದ ಪಟ್ಟಿ ಅವರ ಅತ್ತೆಯಿಂದ ಬಂದದ್ದು. ಎಷ್ಟು ಎಳೆದರೂ ಕೊಂಡಿ ಕೂಡಲಿಲ್ಲ.

"ದಪ್ಪ ಆಗಿದೀನಿ ಬುಡು, ದಾರ ಕಟ್ಟು," ಎಂದರು.

ಮೈ ದಪ್ಪವಾಗಿರಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಶಿವದಾರದ ಪಕ್ಕದಲ್ಲಿ, ಗಂಟಲಿನ ಎಡಕ್ಕೆ, ನಿಂಬೆಹಣ್ಣಿನಷ್ಟು ಉಬ್ಬು. ಅವರು ಉಗುಳು ನುಂಗಿದಾಗ ಅದೂ ಮೇಲೆ ಹೋಗಿ ಕೆಳಗೆ ಬಂತು. ದಾರ ಕಟ್ಟಿದೆ. ಮದುವೆಮನೆಯಲ್ಲಿ ಒಂದು ತುತ್ತೂ ರುಚಿಸಲಿಲ್ಲ.

ತಿಪಟೂರಿನ ನಮ್ಮ ಮನೆ ಅಂದರೆ ಮುಕ್ಕಾಲು ಪಾಲು ಅಟ್ಟ. ಕೆಳಗೆ ನಾವು, ಮೇಲೆ ಸಿಪ್ಪೆ ಸಮೇತ ಒಟ್ಟಿದ ತೆಂಗಿನಕಾಯಿ. ಹೆಚ್ಚುಕಮ್ಮಿ ಒಂದು ವರ್ಷ ಅಲ್ಲೇ ಇದ್ದು, ಒಳಗಿನ ನೀರು ಇಂಗಿ, ಕಾಯಿ ಒಣಗಿ, ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗಬೇಕು. ಅದನ್ನೇ ಇಲ್ಲಿ ಗಿಟುಕು ಎನ್ನುತ್ತಾರೆ. ಹಂದನಕೆರೆಯಿಂದ ಸೊಸೆಯಾಗಿ ಬಂದ ಅತ್ತೆ, ಕೂದಲು ನೆರೆತ ಮೇಲೂ ಏಣಿ ಹತ್ತಿ ಆ ಕತ್ತಲಲ್ಲಿ ಕೂತು ಒಂದೊಂದೇ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುವರು. ಗಡಗಡ ಎಂದರೆ ಬಿಟ್ಟುಕೊಂಡದ್ದು, ಅದು ಒಂದು ಕಡೆ; ಎನ್ನದಿದ್ದರೆ ಇನ್ನೊಂದು ಕಡೆ. ಅಲ್ಲಿಂದಲೇ ಕೂಗಿ ಮನೆ ನಡೆಸುವರು. ಹಾಲು ಉಕ್ಕಿದ್ದು ಅವರಿಗೆ ಮೇಲಿಂದಲೇ ಗೊತ್ತಾಗುತ್ತಿತ್ತು.

ನಾನು ಬೆಂಗಳೂರಿನಲ್ಲಿ ಓದಿದವಳು. ನನಗೆ ಎಲ್ಲದಕ್ಕೂ ಹೆದರಿಕೆ. ಮನೆಯ ಹಿಂದೆ ನಾರಿನ ಕಾರ್ಖಾನೆಯವರು ಸುರಿಯುವ ಪುಡಿಗುಡ್ಡ ಹಗಲೂ ರಾತ್ರಿ ಹೊಗೆಯಾಡುತ್ತಿತ್ತು. ಸಿಪ್ಪೆ ನೆನೆಹಾಕಿದ ಹೊಂಡದ ನೀರು ಕಪ್ಪಗೆ ನಾರುತ್ತಿತ್ತು. ಈ ಗಾಳಿ, ಈ ನೀರೇ ಅತ್ತೆಯ ಗಂಟಲಿಗೆ ಇಳಿದಿದೆ ಎಂದು ನಾನು ಕಿಟಕಿಗಳನ್ನು ಮುಚ್ಚಿದೆ, ನೀರು ಕಾಯಿಸಿದೆ, ಮೂರು ವರ್ಷದ ಮಗಳು ದ್ರಾಕ್ಷಾಯಣಿಯನ್ನು ಹಿತ್ತಲಿಗೆ ಬಿಡುವುದನ್ನೇ ನಿಲ್ಲಿಸಿದೆ.

ಊರಿನ ಡಾಕ್ಟರು ಗಂಟನ್ನು ಒತ್ತಿ ನೋಡಿ, "ಥೈರಾಯ್ಡು. ಬೆಂಗಳೂರಿಗೆ ಕರ್ಕೊಂಡು ಹೋಗಿ. ಸೂಜಿ ಹಾಕಿ ಪರೀಕ್ಷೆ ಮಾಡ್ಬೇಕು. ಆಪರೇಶನ್ ಆಗ್ಬಹುದು. ತಡ ಮಾಡ್ಬೇಡಿ," ಎಂದರು.

ಜಟಕಾ ಇಳಿದು ಮನೆಗೆ ಬಂದು ಕಾಲು ತೊಳೆದ ಮೇಲೆ ಅತ್ತೆ ಹೇಳಿದರು: "ಅಟ್ಟಕ್ಕಾಕಿದ ಕಾಯಿಗೆ ತಿಂಗ್ಳಿಗೇ ಮಚ್ಚು ಹಾಕಿದ್ರೆ ಏನಾಯ್ತದೆ ಯೋಳು?"

"ಅತ್ತೆ, ಇದು ಕಾಯಿ ಅಲ್ಲ..."

"ಏನಾಯ್ತದೆ? ಅತ್ಲಾಗೆ ಎಳನೀರೂ ಅಲ್ಲ, ಇತ್ಲಾಗೆ ಕೊಬ್ರಿನೂ ಅಲ್ಲ, ಕೆಟ್ಟೋಯ್ತದೆ. ಬುಟ್ಬುಡ್ಬೇಕು ಕಣವ್ವ. ನೀರಿಂಗಿದ್ರೆ ತಾನೇ ಬುಟ್ಕೊತದೆ."

ಪಕ್ಕದ ಮನೆಯ ರಂಗಮ್ಮ ಬಾಗಿಲಲ್ಲೇ ಕೂತಿದ್ದಳು. "ದಿಟ ಕಣಕ್ಕ. ಕುಯ್ಸ್ಕಂಡೋರು ಯಾರು ನೆಟ್ಟಗವ್ರೆ?" ಎಂದು ನನ್ನನ್ನು ಕಣ್ಣಲ್ಲೇ ತೋರಿಸಿ, "ನಿಮ್ ಸೊಸೆಗೆ ಸೊಳ್ಳೆ ಕಚ್ಚಿದ್ರೂ ಬೆಂಗ್ಳೂರೇ," ಎಂದು ನಕ್ಕಳು.

ಮಾವ ಮರುಳಸಿದ್ದಯ್ಯನವರು ಕೊಬ್ಬರಿ ಮಂಡಿಗೆ ಹೊರಟವರು ನಿಂತು ಕೇಳಿದರು. ಆಮೇಲೆ ಚಪ್ಪಲಿ ಮೆಟ್ಟಿದರು. ಆ ಮನೆಯಲ್ಲಿ ಅಟ್ಟದ ವಿಷಯದಲ್ಲಿ ಅತ್ತೆಗೆ ಎದುರಾಡಿದವರಿಲ್ಲ. ಗಂಟಲೂ ಆ ಲೆಕ್ಕಕ್ಕೇ ಸೇರಿಹೋಯಿತು.

ನಾನು ಅತ್ತೆಯ ಕೈ ಹಿಡಿದು ಬೇಡಿಕೊಂಡಾಗ ಒಂದು ಮಾತು ಕೊಟ್ಟರು. "ಈಗ ಒಟ್ಟಿರೋ ಕಾಯಿ ಇಳಿಸೋ ಗಂಟ ತಡಿ. ಅಷ್ಟೊತ್ತಿಗೂ ಹೋಗ್ದೇ ಇದ್ರೆ ನೀನು ಕರೆದ ಕಡೆ ಬತ್ತೀನಿ."

ಅಲ್ಲಿಂದ ಪಥ್ಯ ಶುರುವಾಯಿತು. ಒಣಗಬೇಕಾದ್ದಕ್ಕೆ ನೀರು ಸೋಕಬಾರದು. ಮಜ್ಜಿಗೆ ಬಿಟ್ಟರು, ಎಳನೀರು ಬಿಟ್ಟರು, ಸೋರೆ, ಕುಂಬಳ, ಸೌತೆ ಎಲ್ಲ ಬಿಟ್ಟರು, ಕೊನೆಗೆ ಮುದ್ದೆಯನ್ನೂ ಬಿಟ್ಟರು. ಒಣರೊಟ್ಟಿ, ಹುರಿಗಡಲೆ, ಚಟ್ನಿಪುಡಿ. ಅದರಲ್ಲೂ ಉಪ್ಪಿಲ್ಲ.

"ಉಪ್ಪು ಯಾಕೆ ಬಿಟ್ರಿ ಅತ್ತೆ?"

"ಮೋಡ ಮುಚ್ಚಿದ್ರೆ ಸಾಕು, ಉಪ್ಪಿನ ಮಡಕೆ ಬೆವರ್ತದೆ. ಅದು ನೀರೆಳೆಯೋ ಪದಾರ್ಥ. ಅಟ್ಟದ ಹತ್ರ ಉಪ್ಪಿನ ಮೂಟೆ ಇಟ್ಟೋರ್ನ ನೋಡಿದೀಯಾ?"

ಆಗ ತಾನೇ ಅಯೋಡಿನ್ ಸೇರಿಸಿದ ಪುಡಿ ಉಪ್ಪು ಪ್ಯಾಕೆಟ್ಟಿನಲ್ಲಿ ಬರತೊಡಗಿತ್ತು. ಥೈರಾಯ್ಡಿಗೆ ಅದು ಬೇಕು ಎಂದು ಎಲ್ಲೋ ಓದಿದ್ದೆ. ಬೆಂಗಳೂರಿನಲ್ಲಿದ್ದ ಅಣ್ಣನಿಗೆ ಬರೆದು ತರಿಸಿದೆ. ಅದರಿಂದ ಗಂಟು ಕರಗುತ್ತದೆಂದು ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ಏನಾದರೂ ಒಂದು ಮಾಡಬೇಕಿತ್ತು. ಅತ್ತೆ ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ, "ಹಿಟ್ಟಿದ್ದಂಗೈತೆ. ರಂಗೋಲಿ ಬಿಡಿಸೋಕೆ ಚೆನ್ನಾಗೈತೆ," ಎಂದು ಪ್ಯಾಕೆಟ್ಟನ್ನು ನನ್ನ ಕೈಗೇ ಕೊಟ್ಟರು. ನಾನೂ ಮಗುವೂ ಅದನ್ನು ಉಂಡೆವು.

ಮಳೆಗಾಲ ಕಳೆಯಿತು. ಒಂದು ದಿನ ಬಡಿಸುವಾಗ ನೋಡಿದೆ. ಮಾವನಿಗೆ ಹಾಕಿದ ಮುದ್ದೆಯಲ್ಲಿ ಒಂದು ತುತ್ತು ಮುರಿದು, ಯಾರೂ ಕಾಣದ ಹಾಗೆ ಅತ್ತೆ ಬಾಯಿಗಿಟ್ಟುಕೊಂಡರು. ಆಸೆಯಾಗಿತ್ತೇನೋ. ಇಲ್ಲಿ ಮುದ್ದೆಯನ್ನು ಅಗಿಯುವವರು ನನ್ನಂಥವರು ಮಾತ್ರ. ಬಂದ ಹೊಸತರಲ್ಲಿ ನಾನು ಅಗಿದೆನೆಂದು ಕೇರಿಯೆಲ್ಲ ನಕ್ಕಿತ್ತು. ಅತ್ತೆ ಸಾರಿನಲ್ಲಿ ಅದ್ದಿದರೆ ಗುಳುಂ ಎನ್ನುವುದರೊಳಗೆ ಒಳಗಿರುತ್ತಿತ್ತು. ಈಗ ಅವರು ಅಗಿಯುತ್ತಿದ್ದರು. ಅಗಿದು, ಅಗಿದು, ಕಣ್ಣು ಮುಚ್ಚಿ, ಗೋಡೆಗೆ ಕೈಕೊಟ್ಟು ನುಂಗಿದರು. ಆಮೇಲೆ ಹಿತ್ತಲಿಗೆ ಹೋಗಿ ಕೆಮ್ಮಿದರು.

ಮುದ್ದೆ ಬಿಟ್ಟದ್ದು ಪಥ್ಯಕ್ಕಲ್ಲ ಎಂದು ಆಗ ನನಗೆ ತಿಳಿಯಿತು. ನಮ್ಮ ಮನೆಯವರಿಗೆ ಹೇಳಿದೆ. "ಅಮ್ಮ ಮಾತು ಕೊಟ್ಟವ್ರಲ್ಲ, ಕಾಯಿ ಇಳಿಸ್ಲಿ," ಎಂದರು. ಅವರ ಮುಖವೂ ಸಣ್ಣಗಾಗಿತ್ತು.

ಸಂಕ್ರಾಂತಿಯ ಹೊತ್ತಿಗೆ ಅತ್ತೆಯ ದನಿ ಒಡೆಯಿತು. ಅಟ್ಟದಿಂದ ಕೂಗಿದರೆ ಗಾಳಿಯಷ್ಟೇ ಕೆಳಗೆ ಬರುತ್ತಿತ್ತು. ಕರೆಯಬೇಕಾದರೆ ಚಿಪ್ಪಿನಿಂದ ತೊಲೆಯನ್ನು ಕುಟ್ಟುತ್ತಿದ್ದರು. ಟಕ್, ಟಕ್. ಮಾವ ಊಟದ ಮುಂದೆ ಕೂತು, "ನಲವತ್ತು ವರ್ಷಕ್ಕೆ ಇವಳ ಬಾಯಿ ಕಟ್ತು ನೋಡಪ್ಪ," ಎಂದು ತಮಾಷೆ ಮಾಡಿದರು. ಮರುಕ್ಷಣ ತಟ್ಟೆಯನ್ನು ದೂಡಿ ಎದ್ದುಹೋದರು.

ಅದೇ ವಾರ ಅತ್ತೆ ನನ್ನನ್ನು ಕರೆದು ನನ್ನ ಬೆರಳನ್ನು ಗಂಟಿನ ಮೇಲೆ ಇಟ್ಟುಕೊಂಡರು. ನುಂಗಿದರು. ಬೆರಳ ಕೆಳಗೆ ಕಲ್ಲಿನಂಥದ್ದು ಮೇಲೆದ್ದು ಇಳಿಯಿತು. "ಅಲ್ಲಾಡ್ತೈತಾ? ಬುಟ್ಕೊಂಡೈತೆ ಕಣೇ," ಎಂದು ಪಿಸುಗುಟ್ಟಿದರು. ಕಣ್ಣು ಹೊಳೆಯುತ್ತಿತ್ತು. ಅದು ಮೊದಲ ದಿನದಿಂದಲೂ ಹಾಗೇ ಅಲ್ಲಾಡುತ್ತಿತ್ತು. ಈಗ ಗಟ್ಟಿಯಾಗಿತ್ತು, ಅಷ್ಟೆ. ನಾನು ಬೆರಳನ್ನು ಹಿಂದಕ್ಕೆ ತೆಗೆದುಕೊಂಡೆ.

ದ್ರಾಕ್ಷಾಯಣಿಗೆ ಅದೊಂದು ಆಟವಾಯಿತು. ಅಜ್ಜಿಯ ತೊಡೆ ಹತ್ತಿ, "ನುಂಗಜ್ಜಿ, ನುಂಗು," ಎಂದು ಗಂಟಲಿಗೆ ಕೈಯಿಟ್ಟು ಕೇಕೆ ಹಾಕುವಳು. ಅಜ್ಜಿಯೂ ಅವಳ ಪುಟ್ಟ ಗಂಟಲು ಮುಟ್ಟಿ, "ನಿಂದೆಲ್ಲೈತೆ ಗಿಟುಕು, ನೋಡಣ," ಎನ್ನುವರು. ನಾನು ಓಡಿಹೋಗಿ ಮಗುವನ್ನು ಕಿತ್ತುಕೊಳ್ಳುತ್ತಿದ್ದೆ. ಸ್ನಾನ ಮಾಡಿಸುವಾಗ ಅವಳ ಕೊರಳನ್ನು ಎಷ್ಟು ಸಲ ಸವರಿ ನೋಡಿದ್ದೇನೋ.

ರಾತ್ರಿ ಅತ್ತೆ ಮಲಗುವುದನ್ನು ಬಿಟ್ಟರು. ಅಡ್ಡಾದರೆ ಉಸಿರು ಸೀಟಿ ಹೊಡೆಯುತ್ತಿತ್ತು. ಕಂಬಕ್ಕೆ ಒರಗಿ ಕೂತೇ ನಿದ್ದೆ.

ಕೊನೆಗೆ ಕಾಯಿ ಇಳಿಸುವ ದಿನ ಬಂತು. ಆಳುಗಳು ಸಿಪ್ಪೆ ಸುಲಿದು ರಾಶಿ ಹಾಕಿದರು. ಚಿಪ್ಪು ಒಡೆಯಲು ಅಂಗಳದಲ್ಲಿ ಹೆಂಗಸರು ಕೂತರು. ಅತ್ತೆ ಒಂದು ಕಾಯಿಯನ್ನು ಬೇರೆ ತೆಗೆದಿಟ್ಟಿದ್ದರು. ಪ್ರತಿ ವರ್ಷದ ಮೊದಲ ಗಿಟುಕು ಮೊಮ್ಮಗಳಿಗೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ರಂಗಮ್ಮನ ಕಿವಿಗೂ ಹಿಡಿದರು.

"ಆಹಾ! ಗಂಟೆ ಇದ್ದಂಗೈತಲ್ಲಕ್ಕ," ಎಂದಳು ರಂಗಮ್ಮ.

ಅತ್ತೆ ಚಿಪ್ಪನ್ನು ಸುತ್ತ ತಟ್ಟಿ ಬಿಡಿಸಿದರು. ಗಿಟುಕು ಇಡಿಯಾಗಿ ಅಂಗೈಗೆ ಬಿತ್ತು. ದುಂಡಗೆ, ಕಂದುಬಣ್ಣ, ಒಂದು ಗೀರಿಲ್ಲ. ದ್ರಾಕ್ಷಾಯಣಿ ಕೈ ಚಾಚಿದಳು. ಅತ್ತೆ ಮಚ್ಚಿನಿಂದ ಅದನ್ನು ಎರಡು ಹೋಳು ಮಾಡಿದರು.

ಒಳಗೆಲ್ಲ ಕಪ್ಪು. ಬೂದಿಯಂಥ ಬೂಷ್ಟು, ಮೂಗಿಗೆ ಅಡರುವ ಕಮಟು ವಾಸನೆ.

ಮಗು ಕೈಯನ್ನು ಚಾಚಿಯೇ ಇತ್ತು. ಇಂಥ ಕಾಯಿ ರಾಶಿಯಲ್ಲಿ ಅಷ್ಟೋ ಇಷ್ಟೋ ಪ್ರತಿ ವರ್ಷ ಇರುತ್ತವೆ, ಎಸೆಯುತ್ತಾರೆ. ಆದರೆ ಅತ್ತೆ ಆ ಎರಡು ಹೋಳುಗಳನ್ನು ಬಹಳ ಹೊತ್ತು ನೋಡಿದರು. ಒಂದು ಹೋಳಿನ ಒಳಗೆ ಬೆರಳಾಡಿಸಿದರು. ಬೆರಳನ್ನು ಸೆರಗಿಗೆ ಒರೆಸಿ, ಅದೇ ಕೈಯಿಂದ ತಮ್ಮ ಗಂಟಲನ್ನು ಮುಚ್ಚಿಕೊಂಡರು.

"ಬೆಂಗ್ಳೂರು ಬಸ್ಸು ಯಾವಾಗೈತೆ?" ಎಂದರು. ತುಟಿ ನೋಡಿಯೇ ನನಗೆ ಗೊತ್ತಾಯಿತು.

ಮರುದಿನವೇ ಹೊರಟೆವು. ಅತ್ತೆ, ಮಾವ, ನಾನು, ಮಗು. ನಮ್ಮ ಮನೆಯವರು ಕಾಯಿರಾಶಿ ನೋಡಿಕೊಳ್ಳಲು ಉಳಿದರು. ದೊಡ್ಡಾಸ್ಪತ್ರೆಯ ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ. ಡಾಕ್ಟರು ಅತ್ತೆಯ ಹಿಂದೆ ನಿಂತು ಎರಡೂ ಕೈಯಿಂದ ಕೊರಳನ್ನು ಒತ್ತಿದರು. ಕಿವಿಯ ಕೆಳಗೆ, ಹೆಗಲ ಎಲುಬಿನ ಮೇಲೆ, ಎಲ್ಲೆಲ್ಲೋ ಒತ್ತಿದರು. ಕನ್ನಡಿ ಇಟ್ಟು ಗಂಟಲೊಳಗೆ ನೋಡಿದರು. ನಾನು ಉಪ್ಪಿನ ಮಾತು, ಪಥ್ಯದ ಮಾತು, ನಾರಿನ ಹೊಗೆಯ ಮಾತು ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು.

"ಊಟದಿಂದ ಹೋಗೋದಲ್ಲಮ್ಮ ಇದು. ದನಿ ಹೋಗಿ ಎಷ್ಟು ದಿನ ಆಯ್ತು?"

"ಸಂಕ್ರಾಂತಿ ಹೊತ್ತಿಗೇ..."

"ಮೊದಲು ಗಂಟು ಕಂಡಾಗಲೇ ಬರಬೇಕಿತ್ತು." ಅತ್ತೆಯ ಕಡೆ ನೋಡಿ ನಕ್ಕು, "ನೀವು ಹೊರಗೆ ಕೂತ್ಕೊಳ್ಳಿ ತಾಯಿ," ಎಂದರು. ಮಾವನಿಗೆ ಮಾತ್ರ, "ನೀವು ಇರಿ," ಎಂದರು. ಬಾಗಿಲು ಮುಚ್ಚಿತು.

ಬೆಂಚಿನ ಮೇಲೆ ಅತ್ತೆ ನೆಟ್ಟಗೆ ಕೂತರು. ಅವರ ಉಸಿರು ಸಣ್ಣಗೆ ಸೀಟಿ ಹೊಡೆಯುತ್ತಿತ್ತು. ದ್ರಾಕ್ಷಾಯಣಿ ತೊಡೆ ಹತ್ತಿ, "ನುಂಗಜ್ಜಿ," ಎಂದಳು. ಅಜ್ಜಿ ನುಂಗಲಿಲ್ಲ. ಮಗುವಿನ ಗದ್ದವನ್ನು ಮೇಲಕ್ಕೆತ್ತಿ, ಡಾಕ್ಟರು ಮಾಡಿದ ಹಾಗೆ ಎರಡು ಬೆರಳಿಂದ ಅದರ ಕೊರಳನ್ನು ಮೆತ್ತಗೆ ಒತ್ತಿ ಒತ್ತಿ ನೋಡತೊಡಗಿದರು. ಆಟದ ಮುಖವಿರಲಿಲ್ಲ. ಈ ಸಲ ನಾನು ಮಗುವನ್ನು ಕಿತ್ತುಕೊಳ್ಳಲಿಲ್ಲ. ಅವರು ಏನು ಹೇಳುತ್ತಾರೋ ಎಂದು ಆ ತುಟಿಗಳನ್ನೇ ನೋಡುತ್ತಾ ಕೂತೆ.