ಹನ್ನೊಂದು ಗಂಟೆಗೆ ಮೂವತ್ತೊಂದು ಫೋನು

ನಮ್ಮೂರಿನ ಟೆಲಿಫೋನ್ ಎಕ್ಸ್‌ಚೇಂಜಿನ ಎದುರಿಗೇ ನನ್ನ ಟೇಲರ್ ಅಂಗಡಿ. ಆದ್ದರಿಂದ ಲೈನ್‌ಮನ್ ಗಾಳೇಶನ ಬಗ್ಗೆ ಮಾತಾಡುವ ಹಕ್ಕು ನನಗಿದೆ. ಇಲ್ಲ ಅನ್ನುವವರು ಮೂವತ್ತು ವರ್ಷ ಅವನ ಹರಕು ಖಾಕಿ ಪ್ಯಾಂಟಿಗೆ ತೇಪೆ ಹಾಕಿ ಬರಲಿ, ಆಮೇಲೆ ಮಾತಾಡೋಣ.

ಮುನಿರಾಬಾದಿನಲ್ಲಿ ಕಂಬದ ಗುಂಡಿ ತೋಡುವ ದಿನಗೂಲಿಯಾಗಿ ಸೇರಿದವನು ಅವನು. ಆಗ ಟೆಲಿಫೋನು ಸರ್ಕಾರದ ಇಲಾಖೆ. ಲೈನ್‌ಮನ್ ಆಗಿ ಯಲಬುರ್ಗಾ ತಾಲೂಕಿನ ನಮ್ಮೂರಿಗೆ ಬಂದಾಗ ಜನ ಒಂದು ಫೋನಿಗೆ ನಾಲ್ಕೈದು ವರ್ಷ ಕಾಯುತ್ತಿದ್ದರು. ಗಾಳೇಶ ಬೀದಿಗಿಳಿದರೆ ಊರಗೌಡರೇ ಕಟ್ಟೆಯಿಂದೆದ್ದು "ಬರ್ರಿ, ಚಾ ಕುಡದು ಹೋಗ್ರಿ" ಅನ್ನುತ್ತಿದ್ದರು. ಕಂಬ ಹತ್ತಿ ಅವನು "ಹಲೋ, ಹಲೋ" ಎಂದು ಲೈನು ಪರೀಕ್ಷಿಸಿದರೆ ಇಡೀ ಓಣಿಗೆ ಕೇಳುತ್ತಿತ್ತು. ಅಂಥ ಗಂಟಲಿಗೆ ತಂತಿ ಯಾಕೆ ಬೇಕಿತ್ತೋ ದೇವರೇ ಬಲ್ಲ!

ಇಲಾಖೆ ಹೋಗಿ ಕಂಪನಿ ಆಯಿತು. ಆಮೇಲೆ ಕಂಪನಿಯನ್ನು ಖಾಸಗಿಯವರು ಕೊಂಡರು. ಬೋರ್ಡು ಎರಡು ಸಲ ಬದಲಾಯಿತು, ಗಾಳೇಶನ ಇಕ್ಕಳ ಮಾತ್ರ ಅದೇ. ಅಷ್ಟರಲ್ಲಿ ಎಲ್ಲರ ಕಿಸೆಗೂ ಮೊಬೈಲು ಬಂದು ಇನ್ನೂರು ಲೈನು ಮೂವತ್ತೊಂದಕ್ಕೆ ಇಳಿದಿತ್ತು. ಆ ಮೂವತ್ತೊಂದು ಮನೆಯವರೂ ಗಾಳೇಶನ ಮುಲಾಜಿಗೆ ಇಟ್ಟುಕೊಂಡವರೇ, ನಾನೂ ಸೇರಿ.

ಹೋದ ವರ್ಷ ಕಾಗದ ಬಂತು. ಬುಧವಾರ ಹನ್ನೊಂದು ಗಂಟೆಗೆ ಸಾಹೇಬರು ಬರುತ್ತಾರೆ, ಜನ ಫೋನು ಬಳಸುತ್ತಿಲ್ಲವಾದರೆ ಎಕ್ಸ್‌ಚೇಂಜಿಗೆ ಬೀಗ, ಗಾಳೇಶನ ಕೆಲಸಕ್ಕೂ ಬೀಗ. ಐವತ್ತೆಂಟರ ಮನುಷ್ಯ ಮಂಗಳವಾರವಿಡೀ ಮನೆಮನೆ ತಿರುಗಿದ.

"ನಾಳೆ ಹನ್ನೊಂದಕ್ಕ ಫೋನ್ ಮಾಡಬೇ, ಯವ್ವಾ," ಎಂದು ಎಮ್ಮೆ ಕಟ್ಟುತ್ತಿದ್ದ ಮುದುಕಿ ಶರಣಬಸಮ್ಮನ ಮುಂದೆ ಕೈ ಮುಗಿದ.

"ಯಾರಿಗೆ ಮಾಡ್ಲೋ ಯಪ್ಪಾ?"

"ಯಾರಿಗಾರ ಮಾಡು. ಲೈನ್ ನಡೀತೈತಿ ಅಂತ ಸಾಹೇಬ್ರಿಗೆ ಕಾಣಬೇಕಷ್ಟ."

ಯಾರಿಗೆ ಮಾಡಬೇಕೆಂದು ಹೇಳದೆ ಬಂದನಲ್ಲ, ಅಲ್ಲೇ ಕೆಟ್ಟಿತು!

ಬುಧವಾರ ಹೆಂಡತಿ ಶಹನಾಜಬೇಗಂಳನ್ನು ಮನೆಯ ಫೋನಿನ ಮುಂದೆ ಕೂಡಿಸಿ ನಾನು ಎಕ್ಸ್‌ಚೇಂಜಿಗೆ ಹೋದೆ. ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು. ಹನ್ನೊಂದು ಹೊಡೆಯಿತು. ಗಾಳೇಶನ ಮೇಜಿನ ಮೇಲಿನ ಫೋನು ರಿಂಗಾಯಿತು. ಅವನು ಕೈ ಚಾಚುವಷ್ಟರಲ್ಲಿ ಸಾಹೇಬರೇ ಎತ್ತಿ ಸ್ಪೀಕರಿಗೆ ಹಾಕಿದರು.

"ಗಾಳೇಶಣ್ಣಾ, ಹನ್ನೊಂದಾತ್ರಿ. ನೀವು ಹೇಳಿದಂಗ ಮಾಡೇನಿ. ಇಡ್ಲ್ಯಾ? ಒಲಿ ಮ್ಯಾಲ ಬ್ಯಾಳಿ ಐತಿ."

ನನ್ನ ಹೆಂಡತಿ! ನಾನು ಗೋಡೆಯ ಕಡೆ ಮುಖ ಮಾಡಿದೆ. ಇಟ್ಟ ಕೂಡಲೇ ಮತ್ತೆ ರಿಂಗಾಯಿತು. ಕಿರಾಣಿ ಅಂಗಡಿಯವರು. ಮತ್ತೆ ರಿಂಗಾಯಿತು. ಹಿಟ್ಟಿನ ಗಿರಣಿಯವರು, "ಆಗಳಿಂದ ಹಚ್ಚಾಕತ್ತೇನಿ, ನಿಂದು ಬರೇ ಎಂಗೇಜ್!" ಎಂದು ಬೈದೇಬಿಟ್ಟರು. ಇಡೀ ಊರು ಒಂದೇ ನಂಬರಿಗೆ ಮುಗಿಬಿದ್ದಿತ್ತು.

ಸಾಹೇಬರು ಪೆನ್ನು ಕೆಳಗಿಟ್ಟರು. "ಏನಪ್ಪಾ ಇದು? ಇವರು ನಿನ್ನನ್ನು ಬಿಟ್ಟು ಬೇರೆ ಯಾರಿಗೂ ಫೋನ್ ಮಾಡುವುದಿಲ್ಲವೇ?"

"ಈ ಫೋನಿನ್ಯಾಗ ಹಚ್ಚಾಕ ಅವ್ರಿಗೆ ಗೊತ್ತಿರೂದು ನನ್ ನಂಬರ್ ಒಂದ ರೀ, ಸರ," ಅಂದ ಗಾಳೇಶ. "ಮಳ್ಯಾಗ ಲೈನ್ ಗರಗರ ಅಂದ್ರೂ ಹೊಡೀತಾರ, ರಿಪೇರಿ ಆದ ಮ್ಯಾಲ ಆತಪಾ ಅಂತ ಹೇಳಾಕೂ ಹೊಡೀತಾರ. ನಾ ಎತ್ತತೇನರಿ."

ಸಾಹೇಬರು ಕೆಟ್ಟವರೇನಲ್ಲ. "ಮೂವತ್ತೊಂದು ಲೈನಿನಿಂದಲೂ ಹೋಗುವ ಫೋನು ಒಬ್ಬನೇ ಮನುಷ್ಯನಿಗೆ. ಇದನ್ನು ನಾನು ಏನಂತ ಬರೆಯಲಿ? ತಿಂಗಳ ಕೊನೆಗೆ ಮುಚ್ಚಬೇಕಾಗುತ್ತದೆ, ಗಾಳೇಶ," ಎಂದು ವರದಿಗೆ ಸಹಿ ಹಾಕಿದರು. ಇಷ್ಟು ದಿನ ತೇಪೆ ಹಾಕುವಾಗೆಲ್ಲ ಅವನನ್ನು ಬೈದದ್ದು ನನಗೆ ನೆನಪಾಯಿತು.

ಮತ್ತೆ ಫೋನು ರಿಂಗಾಯಿತು. ಈ ಸಲ ಗಾಳೇಶನೇ ಎತ್ತಿದ. ಶರಣಬಸಮ್ಮನ ದನಿ ಕೋಣೆ ತುಂಬಿತು: "ಹೆಂಗಾತೋ ತಮ್ಮಾ? ಪಾಸ್ ಮಾಡಿದ್ರೇನ್ ನಿನ್ನ?"

ಗಾಳೇಶ ಸಾಹೇಬರ ಸಹಿಯನ್ನೊಮ್ಮೆ ನೋಡಿದ.

"ಹೂಂಬೇ ಯವ್ವಾ, ಪಾಸಾದೆ. ಇಡು."