ಅಳದಂಗಡಿಯ ಸೇತುವೆಗೆ ಕಿವಿಗೊಟ್ಟ ದಿನ

ಮೂಡುಬಿದಿರೆಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆವು. ನಾನು ಅಲ್ಲಿಯ ಹೈಸ್ಕೂಲಿನ ವಿಜ್ಞಾನದ ಮೇಷ್ಟರು. ಜೊತೆಗಿದ್ದ ಇಂಜಿನಿಯರ್ ವೆಂಕಟೇಶ ನನ್ನ ಹಳೆಯ ವಿದ್ಯಾರ್ಥಿ; ತನ್ನ ಕೆಲಸ ತೋರಿಸಲು ನನ್ನನ್ನೂ ಕರೆದಿದ್ದ. ಅವನ ಪಕ್ಕದ ಸೀಟಿನಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ. ಕಾಂಕ್ರೀಟಿನೊಳಗೆ ಸದ್ದು ಹಾಯಿಸಿ ಬಿರುಕು ಹುಡುಕುವ ಯಂತ್ರವಂತೆ. ಕಂಡಕ್ಟರ್ ಅದಕ್ಕೂ ಒಂದು ಪೂರ್ತಿ ಟಿಕೆಟ್ ಹರಿದ. "ಕೂತದ್ದು ಹೌದಲ್ಲ ಮಾರಾಯ್ರೆ!" ಎಂದ.

ವೇಣೂರಿನಲ್ಲಿ ಗೋಳಿಬಜೆ ತಿಂದು ಚಹಾ ಕುಡಿದೆವು. ಹದಿನೇಳೆಂಟು ಮೈಲಿನ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಅಳದಂಗಡಿಯಲ್ಲಿ ಇಳಿದು, ಪೆಟ್ಟಿಗೆಯನ್ನು ಎತ್ತಿನ ಗಾಡಿಗೆ ಏರಿಸಿ, ಹೊಳೆಯ ಹೊಸ ಸೇತುವೆಯ ಕಡೆಗೆ ಧೂಳಿನಲ್ಲಿ ನಡೆದೆವು. ಯಂತ್ರ ಒಪ್ಪಿದರೆ ಸೋಮವಾರದಿಂದ ಅದರ ಮೇಲೆ ಬಸ್ಸು ಓಡಲಿತ್ತು.

ಸೇತುವೆ ಕಟ್ಟಿದ ಬಾಬು ಮೇಸ್ತ್ರಿ ಕಾಯುತ್ತಿದ್ದರು. ಬಾವಿ, ಮನೆ ಕಟ್ಟಿ ಹೆಸರಾದವರಿಗೆ ಇದು ಮೊದಲ ಸೇತುವೆ. "ಒಂದು ಕೂದಲೆಳೆ ಬಿರುಕು ಸಿಕ್ಕಿದರೆ ನನ್ನ ಮೀಸೆ ಬೋಳಿಸ್ತೇನೆ ಮಾಷ್ಟ್ರೇ" ಎಂದು ನಕ್ಕರು. ದೊಡ್ಡ ಮೀಸೆಯೇ ಆಗಿತ್ತು.

ವೆಂಕಟೇಶ ಅಲ್ಲಿದ್ದ ಜನರೇಟರಿಗೆ ಯಂತ್ರದ ತಂತಿ ಸಿಕ್ಕಿಸಿದ. ಯಂತ್ರದ ತಂತಿಗಳ ತುದಿಯಲ್ಲಿದ್ದ, ಗ್ರೀಸು ಬಳಿದ ಎರಡು ಗುಂಡುಗಳನ್ನು ಸೇತುವೆಯ ಅಡಿಯ ತೊಲೆಯ ಆಚೆ ಈಚೆ ಓರೆಯಾಗಿ ಒತ್ತಿ ಹಿಡಿದೆವು. ಒಂದರಿಂದ ಹೊರಟ ಸದ್ದು ಇನ್ನೊಂದಕ್ಕೆ ಮುಟ್ಟಬೇಕು. ನಡುವೆ ಬಿರುಕಿದ್ದರೆ ಸುತ್ತಿ ಬರಬೇಕಾಗಿ ತಡವಾಗುತ್ತದೆ. ನಮ್ಮ ಕಿವಿಗೆ ಏನೂ ಕೇಳಿಸದು. ಪೆಟ್ಟಿಗೆಯ ಗಾಜಿನ ಮೇಲೆ ಹಸಿರು ಗೆರೆಯೊಂದು ಮಾತ್ರ ಪುಟಿಯುತ್ತಿತ್ತು. ಇಪ್ಪತ್ತು ವರ್ಷ ಶಬ್ದದ ಪಾಠ ಮಾಡಿದ ನಾನು ಮೊದಲ ಸಲ ಶಬ್ದವನ್ನು ಕಣ್ಣಾರೆ ಕಂಡೆ.

ತೊಲೆಯ ನಡುವಿಗೆ ಬಂದಾಗ ಗೆರೆಯ ಪುಟಿತ ಬಲಕ್ಕೆ ಸರಿಯಿತು; ಸದ್ದು ತಡವಾಗಿ ಮುಟ್ಟಿತ್ತು. ಗುಂಡುಗಳನ್ನು ಒರೆಸಿ ಮತ್ತೆ ಹಿಡಿದೆವು, ಮತ್ತೆ ಸರಿಯಿತು. ಹೊರಗೆ ನುಣ್ಣನೆಯ ಗಾರೆ, ಬೆರಳಾಡಿಸಿದರೂ ಏನೂ ಸಿಗದು. ಮೇಸ್ತ್ರಿ ಮೀಸೆ ಮುಟ್ಟಿಕೊಂಡರು.

"ಈ ತೊಲೆ ಹಾಕಿದ ದಿನ ಕಂಬಳ ಇತ್ತು" ಎಂದರು ಮೆಲ್ಲಗೆ. "ಮಧ್ಯಾಹ್ನಕ್ಕೆ ಕೆಲಸ ಬಿಟ್ಟು ಎಲ್ಲರೂ ಕೋಣ ನೋಡಲಿಕ್ಕೆ ಹೋದೆವು. ಮರುದಿನ ಗಟ್ಟಿಯಾದ ಕಾಂಕ್ರೀಟಿಗೆ ಹೊಸತು ಸೇರಿಸಿದೆ, ಸರಿಯಾಗಿ ಬೆಸೆಯಲಿಲ್ಲ, ಮೇಲಿಂದ ಗಾರೆ ಬಳಿದೆ. ಯಾರಿಗೆ ಗೊತ್ತಾಗ್ತದೆ ಅಂತ…"

ಅವರು ಬಚ್ಚಿಟ್ಟುಕೊಂಡಿದ್ದ ಗುಟ್ಟನ್ನು, ಊರನ್ನೇ ಕಾಣದ ಪೆಟ್ಟಿಗೆ ಒಂದು ಗಳಿಗೆಯಲ್ಲಿ ಹೇಳಿತ್ತು. ನನಗೆ ಭಯವೂ ಆಯಿತು, ಕೈಮುಗಿಯಬೇಕೆಂದೂ ಅನ್ನಿಸಿತು. ತೊಲೆ ಒಡೆದು ಹೊಸದಾಗಿ ಹಾಕಬೇಕೆಂದು ವೆಂಕಟೇಶ ಬರೆದುಕೊಟ್ಟ. ಮೇಸ್ತ್ರಿ ಕಾಗದ ಮಡಚಿ ಕಿಸೆಗೆ ಹಾಕಿಕೊಂಡರು.

ಸಂಜೆ ನಾವು ಅಳದಂಗಡಿಯಲ್ಲಿ ಬಸ್ಸು ಹತ್ತಿ ಕೂತಿದ್ದಾಗ ಮೇಸ್ತ್ರಿ ಏದುಸಿರು ಬಿಡುತ್ತ ಓಡಿಬಂದು ಕಿಟಕಿಯ ಸರಳು ಹಿಡಿದರು.

"ಇಳಿಯಿರಿ ಮಾಷ್ಟ್ರೇ. ಇಲ್ಲಿ ಹತ್ತಿರ ಒಂದು ಶಾಲೆ ಉಂಟು, ತಾರಸಿ ನಾನೇ ಹಾಕಿದ್ದು. ಅಲ್ಲಿಗೂ ಒಮ್ಮೆ ಹೋಗುವ."

"ಆ ದಿನವೂ ಕಂಬಳವೇ?" ಎಂದು ಕೇಳಿದೆ.

"ಅಲ್ಲ, ಮಗಳ ಮದುವೆ. ಈಗ ಅವಳ ಮಗು ಅದರ ಅಡಿಯಲ್ಲೇ ಕೂತು ಅ ಆ ಬರೀತದೆ."

ವೆಂಕಟೇಶ ಆಗಲೇ ಪೆಟ್ಟಿಗೆ ಇಳಿಸುತ್ತಿದ್ದ.