ನೀಲಿ ಚೂರಿನ ಆಚೆ

ಶನಿವಾರ ಮಧ್ಯಾಹ್ನ ಆ ಟೈಲರಮ್ಮನ ಅಂಗಡಿಗೆ ಅಳತೆ ಕೊಡಲು ಹೋದರೆ ಕಾಲಿಡಲೂ ಜಾಗವಿರುತ್ತಿರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಹುಡುಗಿಯರ ಗುಂಪು. ಮಾತೆಲ್ಲ ಮಾಂತ್ರಿಕರದ್ದು, ಹಾರುವ ಕುದುರೆಗಳದ್ದು, ಏಳು ಬಾಗಿಲ ಕೋಟೆಯದ್ದು. ಯಾವ ಕಾದಂಬರಿ ಮೊದಲು ಓದಬೇಕು, ಯಾವುದು ಬರೀ ಬೋರು ಎಂದು ಕಿತ್ತಾಟ ಬೇರೆ. ಗಿರಾಕಿಗಳು ಯಾರಾದರೂ ಮೂಗು ಮುರಿದರೋ, ಟೈಲರಮ್ಮ ಕಣ್ಣು ಕೆಂಪಗೆ ಮಾಡುತ್ತಿದ್ದಳು. "ಅವರು ನಮ್ಮ ಗುಬ್ಬಿ ಗೆಳತೀರು. ನಿಮಗೆ ಅರ್ಜೆಂಟಿದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ."

ಗುಬ್ಬಿ ಅವಳ ಒಬ್ಬಳೇ ಮಗಳು. ಹೈಸ್ಕೂಲು ಮುಗಿಸುವ ಮೊದಲೇ ಜ್ವರ ಬಂದು ಹೋಗಿಬಿಟ್ಟಳು. ಬದುಕಿದ್ದಾಗ ಊಟದ ತಟ್ಟೆಯ ಮುಂದೆಯೂ ಕಥೆಪುಸ್ತಕವೇ. "ಪಾಠದ ಪುಸ್ತಕ ಮೂಲೆಗೆ ಹಾಕಿ ಇದೇನೇ ಕುದುರೆ ಪುರಾಣ?" ಎಂದು ತಾಯಿ ಬೈದದ್ದೇ ಬೈದದ್ದು. ಮಗಳು ಹೋದ ಮೇಲೆ, ಅವಳು ಓದುತ್ತಿದ್ದ ನಾಲ್ಕು ಭಾಗದ ಆ ಕುದುರೆ ಕಥೆಯನ್ನು ತಾಯಿಯೇ ಕೈಗೆತ್ತಿಕೊಂಡಳು. ಮೂರನೆಯ ಭಾಗದ ನಡುವೆ ಗುಬ್ಬಿ ಗುರುತಿಗೆಂದು ನೀಲಿ ಬಟ್ಟೆಯ ಚೂರೊಂದನ್ನು ಇಟ್ಟಿದ್ದಳು. ತಾಯಿ ಅಲ್ಲಿಯವರೆಗೆ ಓದಿ ನಿಲ್ಲಿಸಿದಳು. ಮಗಳು ಓದದ ಪುಟವನ್ನು ತಾನು ಓದುವುದೇ? ಅವಳನ್ನು ಹಿಂದೆ ಬಿಟ್ಟು ತಾನೊಬ್ಬಳೇ ಮುಂದೆ ಹೋದ ಹಾಗಾಗುತ್ತದೆ ಎಂದು ಹೆದರಿದಳು.

ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ನಾಲ್ಕೂ ಭಾಗ ಅರೆದು ಕುಡಿದಿದ್ದರೂ ಆ ಅಂಗಡಿಯೊಳಗೆ ನೀಲಿ ಚೂರಿನಿಂದಾಚೆಯ ಕಥೆಯ ಬಗ್ಗೆ ತುಟಿ ಬಿಚ್ಚುತ್ತಿರಲಿಲ್ಲ. ಕಾಲೇಜು ಸೇರಿದ ಮೇಲೂ ಇದೇ ಕಟ್ಟುಪಾಡು. ಹಾಗಾಗಿ ಮಾತು ಸುತ್ತಿ ಬಳಸಿ ಆ ಕಥೆಯ ಹಾರುವ ಮಂಜುಗುದುರೆಯ ಹತ್ತಿರವೇ ಬಂದು ನಿಲ್ಲುತ್ತಿತ್ತು. ಎರಡನೆಯ ಭಾಗದಲ್ಲಿ ಅದು ಹೊಳೆಯಲ್ಲಿ ಮುಳುಗುತ್ತದೆ. "ಸತ್ತಿಲ್ಲ ಕಣೇ! ಹೆಣ ನೋಡಿದವರು ಯಾರು?" ಎಂದು ಗುಬ್ಬಿ ಪಂದ್ಯ ಕಟ್ಟಿದ್ದಳು. ಸತ್ತೇ ಸತ್ತಿದೆ ಎಂದು ಹಟ ಹಿಡಿದವಳು ಅವಳ ಜೀವದ ಗೆಳತಿ, ದಪ್ಪ ಕನ್ನಡಕದವಳು. ಟೈಲರಮ್ಮ ಆ ಜಗಳವನ್ನು ಮತ್ತೆ ಮತ್ತೆ ಹೇಳಿಸಿಕೊಂಡು ಕೇಳುತ್ತಿದ್ದಳು. ಪಾಪ, ಅವಳಿಗೆ ಉಳಿದಿದ್ದು ಅಷ್ಟೇ.

ಮೊನ್ನೆ ಕನ್ನಡಕದವಳು ತಂಗಿಯನ್ನು ಜೊತೆಗೆ ಕರೆತಂದಳು. ಅರಳು ಹುರಿದ ಹಾಗೆ ಮಾತಾಡುವ ಹುಡುಗಿ ಅದು. ಮೊದಲೇ ಎಚ್ಚರಿಸಬೇಕಿತ್ತು, ಅಕ್ಕನಿಗೆ ಮರೆತೇಹೋಗಿತ್ತು. ಮೇಜಿನ ಮೇಲೆ ಗುಬ್ಬಿಯ ಆ ಮೂರನೆಯ ಭಾಗದ ಪುಸ್ತಕ ಕಂಡದ್ದೇ ತಡ, "ಅಯ್ಯೋ ಆಂಟಿ, ಇದನ್ನ ಓದ್ತಿದ್ದೀರಾ? ಕೊನೇಲಿ ಮಂಜುಗುದುರೆ ಹೊಳೆಯಿಂದ ಎದ್ದು ಬರುತ್ತಲ್ಲಾ, ನಾನು ಗೊಳೋ ಅಂತ ಅತ್ತುಬಿಟ್ಟೆ!" ಎಂದಳು.

ಹೊಲಿಗೆ ಯಂತ್ರ ಗಕ್ಕನೆ ನಿಂತಿತು. ಅಕ್ಕ ತಂಗಿಯ ತೊಡೆ ಜಿಗುಟಿದಳು. ಈಗ ಜಿಗುಟಿ ಏನು ಬಂತು?

"ಅದು ಸತ್ತಿರಲಿಲ್ವಾ?" ಟೈಲರಮ್ಮ ಕೇಳಿದಳು.

ಕನ್ನಡಕದವಳು ತಲೆ ತಗ್ಗಿಸಿದಳು. "ಇಲ್ಲ ಆಂಟಿ. ಗುಬ್ಬಿ ಹೇಳಿದ್ದೇ ಸರಿ. ನಾನು ಸೋತೆ."

"ಅಂದ್ರೆ ನನ್ನ ಮಗಳು ಗೆದ್ಲಾ?" ಸಿಟ್ಟೂ ಅಳುವೂ ಒಟ್ಟಿಗೇ ನುಗ್ಗಿ ಬಂದವು. "ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಲ್ರೇ! ಅವಳು ಗೆದ್ದಿದ್ದನ್ನ ಹೆತ್ತವಳಿಗೂ ಹೇಳ್ಲಿಲ್ವಲ್ರೇ, ಪಾಪಿಗಳಾ!"

ಟೈಲರಮ್ಮ ಹೊಲಿಯುತ್ತಿದ್ದ ಬಟ್ಟೆಯಲ್ಲೇ ಮುಖ ಒರೆಸಿಕೊಂಡಳು. ಆಮೇಲೆ ಪುಸ್ತಕ ಬಿಚ್ಚಿ, ನೀಲಿ ಚೂರನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು, ಪುಸ್ತಕವನ್ನು ಕನ್ನಡಕದವಳ ಮುಂದೆ ತಳ್ಳಿದಳು.

"ಸೋತವಳು ನೀನು, ನೀನೇ ಓದು. ಗಟ್ಟಿಯಾಗಿ ಓದೇ, ಅವಳಿಗೂ ಕೇಳ್ಲಿ."